ಹಿಂದೆಯೇ ಬರುತ್ತೇವೆ ಎಂದವರು

ಕಳೆದ ಆಟಿ ತಿಂಗಳ ಒಂದು ಸಂಜೆ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡಿದ್ದೆ. ಪೇಟೆಗೆ ಅಂಟಿಕೊಂಡಂತಿರುವ ಊರು ನಮ್ಮ ಲಾಯಿಲ. ಬಿಸಿಲಿದ್ದರೆ ನಡೆದೇ ಹೋಗುತ್ತೇನೆ. ಆ ದಿನ ರಿಕ್ಷಾ ಹತ್ತಿದೆ. ಸ್ವಲ್ಪ ಮುಂದೆ ಹೋದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ ಕಣ್ಣುಗಳ ಗುರುತು ಸಿಕ್ಕಿತು. ಹದಿನೆಂಟು ವರ್ಷದ ಹಿಂದೆ ನಮ್ಮ ಭಾನುವಾರದ ಯಕ್ಷಗಾನ ತರಗತಿಯಲ್ಲಿ ಇದ್ದ ಹುಡುಗ. ಅಭಿಮನ್ಯುವಿನ ವೇಷದಲ್ಲಿ ಅವನು ರಂಗಸ್ಥಳಕ್ಕೆ ಬಂದರೆ ಕಡಲೆಕಾಯಿ ಮಾರುವವರೂ ವ್ಯಾಪಾರ ನಿಲ್ಲಿಸಿ ನೋಡುತ್ತಿದ್ದರು.

ಮನೆಯ ಮುಂದೆ ಇಳಿದು ಹಣ ಕೊಡಲು ಹೋದೆ. "ನಿಮ್ಮಿಂದ ಬೇಡ ಮಾಷ್ಟ್ರೇ" ಎಂದ. ಮತ್ತೆ ಇಂಜಿನು ಆಫ್ ಮಾಡಿ ತುಳುವಿನಲ್ಲಿ ಹೇಳಿದ: "ಒಂದು ಮಾತು ಕೇಳ್ಲಿಕ್ಕುಂಟು. ಮಗ ಮೂರನೇ ಕ್ಲಾಸು. ಗೆಜ್ಜೆ ಕಟ್ಟಬೇಕು ಅಂತ ಹಟ ಮಾಡ್ತಾನೆ. ನಿಮ್ಮ ಕ್ಲಾಸಿಗೆ ಕಳಿಸ್ಬೇಕಾ ಬೇಡವಾ, ನೀವೇ ಹೇಳಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮುಂದುವರಿಸಿದ: "ಅಮ್ಮನ ಹತ್ತಿರ ನೀವು ಹೇಳಿದ್ದು ನನಗೆ ನೆನಪುಂಟು. ಅವನ ಮುಂದಿನದ್ದು ನಾನು ನೋಡಿಕೊಳ್ತೇನೆ ಅಂತ."

ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಮಾತು ಆಡಿದ್ದೇ ನನಗೆ ಮರೆತುಹೋಗಿತ್ತು. ಅವನಿಗೆ ಮರೆತಿರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಒಳಗೆ ಬಂದೆ. ಆಮೇಲೆ ಬಹಳ ದಿನ ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಪಾತ್ರ ಏನೆಂದು ಹೇಳಿಬಿಡಬೇಕು. ನಾನು ಕುಣಿಯುವವನಲ್ಲ, ಭಾಗವತನೂ ಅಲ್ಲ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದವನು. ಹೆಜ್ಜೆ ಕಲಿಸಲು ಗುರುಗಳನ್ನು ಕರೆತರುವುದು, ಜಾಗ ಕೇಳುವುದು, ವಂತಿಗೆ ಎತ್ತುವುದು, ವೇಷಭೂಷಣ ಬಾಡಿಗೆಗೆ ತರುವುದು, ಮಕ್ಕಳ ಮನೆಗೆ ಹೋಗಿ ಹಿರಿಯರನ್ನು ಒಪ್ಪಿಸುವುದು ನನ್ನ ಕೆಲಸ. ಕಲೆಯ ಹಿಂದೆ ಇರುವ ಜನ ಎನ್ನುತ್ತಾರಲ್ಲ, ಆ ಪೈಕಿ. ಈ ಹುಡುಗನ ತಾಯಿ ಬೀಡಿ ಕಟ್ಟುತ್ತಿದ್ದರು. ಅವರಿಗೆ ಮಗ ಹತ್ತನೇ ತರಗತಿ ದಾಟಿ ಯಾವುದಾದರೂ ಕೆಲಸ ಹಿಡಿಯಬೇಕೆಂಬ ಆಸೆ. ನಾನು ಎರಡು ಸಲ ಅವರ ಜಗಲಿಯಲ್ಲಿ ಕುಳಿತು ಒಪ್ಪಿಸಿದೆ. ಅವನು ಹತ್ತನೇ ತರಗತಿಯಲ್ಲಿದ್ದ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಏಳು ಕಡೆ ಆಟಕ್ಕೆ ಕರೆದುಕೊಂಡು ಹೋದೆ. ಅವನು ಗಣಿತದಲ್ಲಿ ಫೇಲಾದ. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಮುಂದಿನ ತಿರುಗಾಟಕ್ಕೆ ಒಂದು ಮೇಳ ಸೇರಿದ. ಐದು ವರ್ಷ ಕುಣಿದ. ಮಂಡಿ ನೋವು ಶುರುವಾಗಿ, ಧಿಗಿಣ ಹಾಕಲಾಗದೆ ಹೊರಬಂದ. ಆಗ ನಾನು ಎಲ್ಲಿದ್ದೆ? ನನ್ನ ಮುಂದಿನ ತಂಡದ ಮಕ್ಕಳ ಜೊತೆ, ಇನ್ನೊಂದು ಊರಿನ ವೇದಿಕೆಯಲ್ಲಿ, ಶಾಲು ಹೊದೆಸಿಕೊಳ್ಳುತ್ತಿದ್ದೆ.

ಪ್ರಶ್ನೆ ಇದು: ಬೇರೆಯವರ ಮಕ್ಕಳನ್ನು ರಂಗಕ್ಕೆ ಹತ್ತಿಸುವವರಿಗೆ ಆ ಮಕ್ಕಳ ಬಗ್ಗೆ ಇರುವ ಹೊಣೆ ಎಷ್ಟು ದೂರದವರೆಗೆ ಹೋಗುತ್ತದೆ? ಪರದೆ ಬೀಳುವವರೆಗೋ, ಆಚೆಗೂ ಉಂಟೋ?

ಅವನು ಮಾಡುತ್ತಿದ್ದ ಅಭಿಮನ್ಯುವಿನಿಂದಲೇ ಶುರುಮಾಡುತ್ತೇನೆ. ಚಕ್ರವ್ಯೂಹದ ಕಥೆ ಹೇಳುವಾಗ ನಾವೆಲ್ಲ ಹುಡುಗನ ಅರ್ಧ ವಿದ್ಯೆಯ ಕುರಿತೇ ಮಾತಾಡುತ್ತೇವೆ. ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ, ಪಾಪ ಎನ್ನುತ್ತೇವೆ. ಆದರೆ ಮಹಾಭಾರತದಲ್ಲಿ ಹುಡುಗ ಇದನ್ನು ಮುಚ್ಚಿಡುವುದಿಲ್ಲ. ನನಗೆ ಭೇದಿಸಲು ಮಾತ್ರ ಬರುತ್ತದೆ ಎಂದು ದೊಡ್ಡಪ್ಪನಿಗೆ ಹೇಳಿಯೇ ಹೋಗುತ್ತಾನೆ. ನೀನು ದಾರಿ ಮಾಡು, ನಾವು ಹಿಂದೆಯೇ ಬರುತ್ತೇವೆ ಎಂದು ಧರ್ಮರಾಯ ಹೇಳುತ್ತಾನೆ. ಭೀಮನೂ ಹಾಗೆಯೇ ಅನ್ನುತ್ತಾನೆ. ಅವರು ಹೊರಟದ್ದೂ ನಿಜ. ಬಾಗಿಲಲ್ಲಿ ಸೈಂಧವ ತಡೆದ.

ಧರ್ಮರಾಯ ಸುಳ್ಳು ಹೇಳಿದನೇ? ಇಲ್ಲ. ಅವನ ಪ್ರೀತಿ ಸುಳ್ಳೇ? ಅದೂ ಅಲ್ಲ. ಹುಡುಗ ಸತ್ತ ಮೇಲೆ ಅವನು ತನ್ನನ್ನೇ ಹಳಿದುಕೊಂಡು ಅಳುತ್ತಾನೆ. ಹಾಗಾದರೆ ತಪ್ಪು ಎಲ್ಲಿದೆ? ನನಗೆ ಕಾಣುವುದು ಇಷ್ಟು: ತನ್ನ ಕೈಯಲ್ಲಿ ಪೂರ್ತಿ ಇಲ್ಲದ್ದನ್ನು ಅವನು ಕೈಯಲ್ಲಿದೆ ಎಂಬಂತೆ ಹೇಳಿದ, ಆ ಮಾತನ್ನು ನಂಬಿದ್ದರಿಂದ ಬಂದ ನಷ್ಟವೆಲ್ಲ ನಂಬಿದವನ ಪಾಲಿಗೆ ಬಿತ್ತು. ಒಳ್ಳೆಯ ಮನಸ್ಸಿನಿಂದ ಹೇಳಿದ್ದು ಎಂಬುದು ಆ ನಷ್ಟದ ಲೆಕ್ಕವನ್ನು ಬದಲಿಸುವುದಿಲ್ಲ. "ನಾನು ನೋಡಿಕೊಳ್ತೇನೆ" ಎಂದಾಗ ನನಗೂ ಒಳ್ಳೆಯ ಮನಸ್ಸೇ ಇತ್ತು.

ನನ್ನ ಪರವಾಗಿ ವಾದಿಸಲು ಮಾತುಗಳಿಲ್ಲದೆ ಇಲ್ಲ. ಗೆಳೆಯರೊಬ್ಬರು ಹೇಳಿದರು: "ನೀವು ಗಣಿತ ಕಲಿಸಿದ ಹುಡುಗ ಗಣಿತದಿಂದ ಊಟ ಮಾಡದಿದ್ದರೆ ನಿಮ್ಮನ್ನು ಕೇಳುತ್ತಾನಾ? ಕಲೆಗೆ ಮಾತ್ರ ಯಾಕೆ ಈ ಲೆಕ್ಕ?" ಇದು ತಳ್ಳಿಹಾಕುವ ಮಾತಲ್ಲ. ಕಲೆ ಕಲಿತದ್ದಕ್ಕೆಲ್ಲ ಸಂಬಳ ಬರಬೇಕು ಎಂದರೆ ಕಲೆಯ ಅರ್ಥವೇ ಹಾಳಾಗುತ್ತದೆ. ಕುಣಿದಾಗ ಸಿಗುವ ಸುಖ ಅಲ್ಲೇ ಸಿಕ್ಕಿ ಮುಗಿಯುತ್ತದೆ. ಅದಕ್ಕೆ ಬೇರೆ ಪ್ರತಿಫಲ ಬೇಕಿಲ್ಲ.

ಆದರೆ ಒಂದು ವ್ಯತ್ಯಾಸ ಉಂಟು. ಗಣಿತದ ಮೇಷ್ಟ್ರಿಗೆ ಹುಡುಗನ ಲೆಕ್ಕವನ್ನು ನೋಡಲು ಜನ ಟೆಂಟಿನಲ್ಲಿ ಸೇರುವುದಿಲ್ಲ. ನಮ್ಮ ಆಟಕ್ಕೆ ಸೇರುತ್ತಿದ್ದರು. ಸಂಘಟಕರು ಕೊಟ್ಟ ಹಣದಲ್ಲಿ ವೇಷಭೂಷಣದ ಬಾಡಿಗೆ, ಹಿಮ್ಮೇಳದವರ ಸಂಭಾವನೆ, ಜೀಪಿನ ಬಾಡಿಗೆ ಕಳೆದು ಮಕ್ಕಳಿಗೆ ಉಳಿಯುತ್ತಿದ್ದದ್ದು ರಾತ್ರಿಯ ಊಟ ಮತ್ತು ಒಂದು ಸ್ಮರಣಿಕೆ. ಪತ್ರಿಕೆಯಲ್ಲಿ ಬರುತ್ತಿದ್ದ ಹೆಸರು ನನ್ನದು. ಅಂದರೆ ಆ ಮಕ್ಕಳು ಕಲಿಯುತ್ತಿದ್ದರು, ನಿಜ. ಜೊತೆಗೆ ದುಡಿಯುತ್ತಲೂ ಇದ್ದರು. ಅವರ ದುಡಿಮೆಯ ಒಂದು ಭಾಗ ಗೌರವದ ರೂಪದಲ್ಲಿ ನನಗೆ ಬರುತ್ತಿತ್ತು. ಕೊಟ್ಟದ್ದಷ್ಟೇ ಆಗಿದ್ದರೆ ದಾನ ಎನ್ನಬಹುದಿತ್ತು. ತೆಗೆದುಕೊಂಡದ್ದೂ ಇದ್ದಾಗ ಅದಕ್ಕೆ ಲೆಕ್ಕ ಬೇಕಾಗುತ್ತದೆ.

ಫಲಾಪೇಕ್ಷೆ ಇಲ್ಲದೆ ಕೆಲಸ ಮಾಡಬೇಕು ಎಂಬುದನ್ನೂ ನಾನು ಆ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದುಂಟು. ಈಗ ನಾಚಿಕೆಯಾಗುತ್ತದೆ. ನಿಷ್ಕಾಮ ಎಂಬುದು ನನಗೆ ನಾನೇ ಹೇಳಿಕೊಳ್ಳಬೇಕಾದ ಮಾತು. ಅದನ್ನು ಇನ್ನೊಬ್ಬರಿಗೆ, ಅದರಲ್ಲೂ ನನಗಿಂತ ಬಡವರಿಗೆ ಹೇಳಿದರೆ, ಕೊಡಬೇಕಾದ್ದನ್ನು ಕೊಡದಿರಲು ಹುಡುಕಿದ ನೆಪವಾಗುತ್ತದೆ.

ನಮ್ಮ ಭಾಷೆಯಲ್ಲೇ ಒಂದು ಕೊರತೆ ಇದೆಯೋ ಏನೋ. ದೇವಋಣ, ಋಷಿಋಣ, ಪಿತೃಋಣ ಎನ್ನುತ್ತೇವೆ. ಗುರುವಿನ ಋಣ ತೀರಿಸಲಾಗದು ಎನ್ನುತ್ತೇವೆ. ಏಕಲವ್ಯ ಹೆಬ್ಬೆರಳು ಕೊಟ್ಟದ್ದು ನಮಗೆ ಗೊತ್ತು. ಆದರೆ ಶಿಷ್ಯನ ಋಣ ಎಂಬ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ. ಕಲಿಸುವವನು ಸಾಲಗಾರನಾಗಬಹುದು ಎಂಬುದು ನಮಗೆ ಹೊಳೆಯುವುದೇ ಇಲ್ಲ. ಎಲ್ಲ ಸಾಲವೂ ಚಿಕ್ಕವರ ಕಡೆಯಿಂದ ದೊಡ್ಡವರ ಕಡೆಗೇ ಹರಿಯುತ್ತದೆ ಎಂದುಕೊಂಡಿದ್ದೇವೆ.

ಈ ಪ್ರಶ್ನೆಯನ್ನು ನನ್ನ ಒಂದು ತರಗತಿಗೆ ಮಾತ್ರ ಕಟ್ಟಿಹಾಕಬಾರದು ಎನಿಸಿ ಬೇರೆಯವರು ಮಾಡಿದ್ದನ್ನು ನೋಡತೊಡಗಿದೆ. ಮೊದಲು ನೆನಪಾದದ್ದು ಉತ್ತರ ಕನ್ನಡದ ಮಂಚಿಕೇರಿ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡುಗಳಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದ ಕರಾವಳಿಯವರು. ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಬಳಗದವರು ಅಲ್ಲಿಗೆ ಹೋಗಿ, ಸಿದ್ದಿಗಳೇ ನಟಿಸಿದ ಒಂದು ನಾಟಕ ಮಾಡಿಸಿದರು. ಚಿದಂಬರ ರಾವ್ ಜಂಬೆ ನಿರ್ದೇಶಿಸಿದ 'ಕಪ್ಪು ಜನ ಕೆಂಪು ನೆರಳು' ಅದು. ಚಿನುವಾ ಅಚಿಬೆ 1958ರಲ್ಲಿ ಬರೆದ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯ ರಂಗರೂಪ.

ಇದನ್ನು ಮೆಚ್ಚುವಾಗಲೂ ಒಂದು ಪ್ರಶ್ನೆ ಏಳುತ್ತದೆ. ಅಚಿಬೆಯ ಕಥೆ ನಡೆಯುವುದು ಪಶ್ಚಿಮ ಆಫ್ರಿಕಾದ ನೈಜೀರಿಯಾದಲ್ಲಿ, ಇಗ್ಬೊ ಜನರ ನಡುವೆ. ಸಿದ್ದಿಗಳ ಹಿರಿಯರು ಹಡಗು ಹತ್ತಿದ ಕರಾವಳಿ ಖಂಡದ ಇನ್ನೊಂದು ಬದಿಯಲ್ಲಿದೆ. ಯಾರಾದರೂ ಕಾಶ್ಮೀರದ ಕಥೆಯನ್ನು ತಂದು ಇದು ನಿಮ್ಮದೇ ಎಂದು ತುಳುವರ ಕೈಗೆ ಕೊಟ್ಟರೆ ನಾವು ನಗುತ್ತಿರಲಿಲ್ಲವೇ? ಬೇರೆಯವರಿಗೆ ಅವರ ಕಥೆ ಯಾವುದೆಂದು ನಾವು ತೀರ್ಮಾನಿಸಬಹುದೇ? ಇನ್ನೊಂದು ಕಡೆಯಿಂದ ನೋಡಿದರೆ, ತಮ್ಮನ್ನು ವಿಚಿತ್ರವೆಂಬಂತೆ ನೋಡುತ್ತಿದ್ದ ಜನರ ಮುಂದೆ ಅವರು ರಂಗದ ಮೇಲೆ ನಿಂತು ಮಾತಾಡಿದರು, ಉಳಿದವರು ಕೂತು ಕೇಳಿದರು. ಅದು ಸಣ್ಣ ವಿಷಯವಲ್ಲ. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಆಮೇಲಿನದ್ದು. ನಾಟಕ ಮುಗಿದ ಮೇಲೆ ಬಾಗಿಲು ಮುಚ್ಚಲಿಲ್ಲ. ನಂತರದ ವರ್ಷಗಳಲ್ಲಿ ಸಿದ್ದಿ ಯುವಕ ಯುವತಿಯರು ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ವಿದ್ಯಾರ್ಥಿಗಳಾಗಿ ಬಂದರು. ಗಿರಿಜಾ ಸಿದ್ದಿ ರಂಗನಟಿಯಾಗಿ, ಪ್ರಶಾಂತ್ ಸಿದ್ದಿ ಸಿನಿಮಾ ನಟರಾಗಿ ಇಂದು ಕನ್ನಡಿಗರಿಗೆ ಪರಿಚಿತರು. ಒಂದು ನಾಟಕದಿಂದಲೇ ಇದೆಲ್ಲ ಆಯಿತು ಎಂದು ನಾನು ಹೇಳುತ್ತಿಲ್ಲ. ಕರೆದವರು ಬಾಗಿಲ ಬಳಿಯೇ ಇದ್ದರು ಎಂಬುದಷ್ಟೇ ನನ್ನ ಮಾತು.

ಅದೇ ಸಿದ್ದಿಗಳ ಮಕ್ಕಳನ್ನು 1980ರ ದಶಕದ ಕೊನೆಯಲ್ಲಿ ಇನ್ನೊಂದು ಯೋಜನೆಯೂ ಹುಡುಕಿಕೊಂಡು ಹೋಯಿತು. ಆಫ್ರಿಕಾದ ಮೂಲದವರು, ಓಟದಲ್ಲಿ ಪದಕ ತರಬಹುದು ಎಂದು ಭಾರತೀಯ ಕ್ರೀಡಾ ಪ್ರಾಧಿಕಾರ ಹಳ್ಳಿಗಳಿಂದ ಆರಿಸಿ ತರಬೇತಿಗೆ ಸೇರಿಸಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. 1990ರ ದಶಕದಲ್ಲಿ ಯೋಜನೆ ನಿಂತಿತು. ತರಬೇತಿಯ ನಡುವೆ ಇದ್ದವರು ಊರಿಗೆ ಮರಳಿದರು. ಯೋಜನೆ ಬಯಸಿದ್ದು ಪದಕವನ್ನು. ಪದಕದ ಆಸೆ ಬತ್ತಿದಾಗ ಹುಡುಗನೂ ಬೇಡವಾದ. ಯಾರನ್ನಾದರೂ ಬರಿಯ ಸಾಧನವಾಗಿ ಬಳಸಬೇಡ ಎಂದು ಕಾಂಟ್ ಹೇಳಿದ್ದನ್ನು ಕಾಲೇಜಿನಲ್ಲಿ ಓದಿದ್ದೆ. ಆ ಮಾತಿಗೆ ಇಷ್ಟು ಹತ್ತಿರದ ಉದಾಹರಣೆ ಇದೆಯೆಂದು ಆಗ ತಿಳಿದಿರಲಿಲ್ಲ. ನನ್ನ ಏಳು ಆಟಗಳೂ ಇನ್ನೊಂದು ಉದಾಹರಣೆ.

ಪೂರ್ವ ಆಫ್ರಿಕಾದಲ್ಲೇ ನಡೆದ ಒಂದು ಪ್ರಯೋಗವೂ ನೆನಪಾಗುತ್ತದೆ. ಕೀನ್ಯಾದ ಲಿಮುರು ಬಳಿಯ ಕಮಿರಿಥು ಎಂಬ ಹಳ್ಳಿ. 1976ರಲ್ಲಿ ಆ ಊರಿನ ಒಬ್ಬ ಹೆಂಗಸು ಲೇಖಕ ಗೂಗಿ ವಾ ಥಿಯಾಂಗೊ ಅವರ ಮನೆಗೆ ಬಂದು, ಇಷ್ಟು ಓದಿದ ನೀವು ಊರಿಗೆ ಏನು ಕೊಡುತ್ತೀರಿ ಎಂದು ಕೇಳಿದಳು. ಅವರು ಸುಮ್ಮನಿದ್ದರೆ ಮತ್ತೆ ಬಂದಳು. ಹೀಗೆ ವಾರದ ಮೇಲೆ ವಾರ ಬಂದು ಒಪ್ಪಿಸಿದಳು. ಇಲ್ಲಿ ಮನೆಬಾಗಿಲಿಗೆ ಹೋದವರು ಯಾರು ಎಂಬುದನ್ನು ಗಮನಿಸಬೇಕು. ನಾನು ಬೀಡಿ ಕಟ್ಟುವ ತಾಯಿಯ ಜಗಲಿಗೆ ಹೋದೆ. ಅಲ್ಲಿ ಊರೇ ಲೇಖಕರ ಜಗಲಿಗೆ ಬಂದಿತ್ತು.

ಅಕ್ಷರ ಕಲಿಸುವುದರಿಂದ ಶುರುವಾದ ಕೆಲಸ ನಾಟಕಕ್ಕೆ ಬಂತು. ಗೂಗಿ ಮತ್ತು ಗೂಗಿ ವಾ ಮಿರಿಯಿ ಗಿಕುಯು ಭಾಷೆಯಲ್ಲಿ ಬರೆದ ಕರಡನ್ನು ಊರವರು ತಿದ್ದಿದರು. ಕಾರ್ಖಾನೆಯಲ್ಲಿ ದುಡಿಯುವವರು ಕಾರ್ಖಾನೆಯ ವಿವರ ಸರಿಪಡಿಸಿದರು. ಮುದುಕರು ಮಾತಿನ ವರಸೆ ಸರಿಪಡಿಸಿದರು. ಬಯಲು ರಂಗಮಂದಿರವನ್ನು ಊರವರೇ ಕಟ್ಟಿದರು. 1977ರ ಅಕ್ಟೋಬರಿನಲ್ಲಿ ಆರಂಭವಾದ ಪ್ರದರ್ಶನಗಳ ಪರವಾನಗಿಯನ್ನು ಸರಕಾರ ನವೆಂಬರಿನಲ್ಲಿ ರದ್ದು ಮಾಡಿತು. ವರ್ಷದ ಕೊನೆಯ ದಿನ ಗೂಗಿಯನ್ನು ಬಂಧಿಸಿ, ವಿಚಾರಣೆಯಿಲ್ಲದೆ ಒಂದು ವರ್ಷ ಜೈಲಿನಲ್ಲಿಟ್ಟಿತು. 1982ರಲ್ಲಿ ಪೊಲೀಸರು ರಂಗಮಂದಿರವನ್ನೇ ಕೆಡವಿದರು.

ಇಲ್ಲಿಯೂ ಮಾತು ಕೊಟ್ಟವರು ಬಾಗಿಲಲ್ಲಿ ತಡೆಯಲ್ಪಟ್ಟರು. ಆದರೆ ವ್ಯೂಹದ ಒಳಗೆ ಹುಡುಗನೊಬ್ಬನೇ ಇರಲಿಲ್ಲ. ಮುಂದೆ ನಿಂತವರೇ ಮೊದಲು ಜೈಲಿಗೆ ಹೋದರು. ಸೋಲು ಬಂದಾಗ ಅದು ಯಾರ ಪಾಲಿಗೆ ಎಷ್ಟು ಬಿತ್ತು ಎಂದು ನೋಡಿದರೆ ಒಂದು ಕಾರ್ಯಕ್ರಮದ ನೈತಿಕತೆ ಗೊತ್ತಾಗುತ್ತದೆ ಎಂದು ನನಗೆ ಅನಿಸುತ್ತದೆ. ಗೆಲುವನ್ನು ಹಂಚಿಕೊಳ್ಳಲು ಎಲ್ಲರೂ ಇರುತ್ತಾರೆ.

ನಮ್ಮ ಕರಾವಳಿಗೇ ಬರೋಣ. ಇಲ್ಲಿ ಈ ಪ್ರಶ್ನೆಯನ್ನು ನನಗಿಂತ ಮೊದಲೇ, ನನಗಿಂತ ಚೆನ್ನಾಗಿ ಎದುರಿಸಿದವರು ಇದ್ದಾರೆ. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಅವರು ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದರು. ಮಕ್ಕಳ ಯಕ್ಷಗಾನ ಮಕ್ಕಳದ್ದೇ ಆಗಿ ನಿಲ್ಲಬಹುದು, ಅದು ವೃತ್ತಿಮೇಳಕ್ಕೆ ಆಳು ಒದಗಿಸುವ ಕಮ್ಮಟವಾಗಬೇಕಿಲ್ಲ ಎಂಬುದನ್ನು ನಾನು ಅದರಿಂದ ಕಲಿಯಬಹುದಿತ್ತು. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಶುರುವಾದ ಯಕ್ಷಗಾನ ಕೇಂದ್ರದ ದಾರಿ ಬೇರೆ. ಅದು ಕಲಾವಿದರನ್ನೇ ತಯಾರು ಮಾಡುವ ಜಾಗ. ಅಲ್ಲಿ ವಿದ್ಯಾರ್ಥಿಯಾಗಿದ್ದ ಬನ್ನಂಜೆ ಸಂಜೀವ ಸುವರ್ಣರು ಅಲ್ಲೇ ಗುರುವಾಗಿ ಉಳಿದರು. ನಮಗೆ ಹತ್ತಿರದ ಧರ್ಮಸ್ಥಳದಲ್ಲಿ ಕುರಿಯ ವಿಠಲ ಶಾಸ್ತ್ರಿ, ಪಡ್ರೆ ಚಂದು ಅವರಂಥವರು ಕಲಿಸಿದರು. ಅಲ್ಲಿಗೆ ಸೇರುವವನಿಗೆ ತಾನು ವೃತ್ತಿಗೆ ಹೋಗುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. ಎರಡೂ ದಾರಿಗಳು ಪ್ರಾಮಾಣಿಕ. ನನ್ನದು ಎರಡರ ನಡುವೆ ಸಿಕ್ಕಿಕೊಂಡಿತ್ತು: ಹೆಸರಿಗೆ ಭಾನುವಾರದ ಹವ್ಯಾಸ, ಹಂಗಾಮಿನಲ್ಲಿ ಮೇಳದ ತಿರುಗಾಟ.

ವೃತ್ತಿಗೆ ಹೋದವರ ಹಿಂದೆ ನಿಂತವರೂ ಇದ್ದಾರೆ. ದೀಪಾವಳಿಯ ಸುಮಾರಿಗೆ ಗೆಜ್ಜೆ ಕಟ್ಟಿ ಪತ್ತನಾಜೆಗೆ ಬಿಚ್ಚುವ ಬದುಕಿನಲ್ಲಿ ಮಳೆಗಾಲ ಎಂದರೆ ಏನೆಂದು ಕಲಾವಿದರ ಮನೆಯವರಿಗೆ ಗೊತ್ತು. ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರಿಗಾಗಿ ಯಕ್ಷನಿಧಿ ಕಟ್ಟಿತು, ಬಡ ವಿದ್ಯಾರ್ಥಿಗಳ ಓದಿಗೆ ವಿದ್ಯಾಪೋಷಕ್ ನಡೆಸಿತು. ಭಾಗವತ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಆರಂಭಿಸಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಲಾವಿದರ ಚಿಕಿತ್ಸೆಗೆ, ಮನೆಗೆ ನೆರವಾಗುತ್ತಿದೆ. ಇವೆಲ್ಲ ಚಪ್ಪಾಳೆ ಬೀಳದ ಕೆಲಸಗಳು. ಚೌಕಿಯ ಹಿಂದೆ, ಆಸ್ಪತ್ರೆಯ ಕೌಂಟರಿನಲ್ಲಿ, ಶಾಲೆಯ ಫೀಸಿನ ರಶೀದಿಯಲ್ಲಿ ನಡೆಯುವಂಥವು. "ಹಿಂದೆಯೇ ಬರುತ್ತೇವೆ" ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿ.

ಇಷ್ಟೆಲ್ಲ ಯೋಚಿಸಿದ ಮೇಲೆ ಎದುರು ಪಕ್ಷದಿಂದ ಒಂದು ಭಯವೂ ಕಾಡಿತು. ಇಷ್ಟು ಲೆಕ್ಕ ಹಾಕುತ್ತಾ ಕುಳಿತರೆ ಯಾರು ಏನನ್ನು ಶುರು ಮಾಡುತ್ತಾರೆ? ಪ್ರತಿ ಮಗುವಿನ ಮುಂದಿನ ನಲವತ್ತು ವರ್ಷಕ್ಕೆ ಜಾಮೀನು ಕೊಡಬೇಕೆಂದರೆ ನಮ್ಮೂರಿನಲ್ಲಿ ಒಂದು ಜೊತೆ ಗೆಜ್ಜೆಯೂ ಸದ್ದು ಮಾಡದು. ಬಡವರ ಮಕ್ಕಳಿಗೆ ಕಲೆ ಬೇಡ, ಓದು ಸಾಕು ಎನ್ನುವುದೂ ಒಂದು ಬಗೆಯ ಅನ್ಯಾಯವೇ. ಉಳ್ಳವರ ಮಕ್ಕಳು ಎರಡನ್ನೂ ಮಾಡುತ್ತಾರಲ್ಲ.

ಹಾಗಾಗಿ ಉತ್ತರ ಹೇಳುವ ಮೊದಲು ಅವನನ್ನೇ ಕೇಳಬೇಕು ಎನಿಸಿತು. ಒಂದು ಭಾನುವಾರ ಅವನ ಮನೆಗೆ ಹೋದೆ. ಅದೇ ಜಗಲಿ. ತಾಯಿಗೆ ಈಗ ವಯಸ್ಸಾಗಿದೆ. "ಮಾಷ್ಟ್ರು ಬಂದ್ರಾ" ಎಂದು ಚಾ ತರಲು ಒಳಗೆ ಹೋದರು. ನಾನು ಸುತ್ತು ಬಳಸದೆ ಹೇಳಿದೆ: "ಆ ದಿನ ನಾನು ಹಾಗೆ ಹೇಳಬಾರದಿತ್ತು. ಹೇಳಿದ ಮೇಲೆ ಮರೆಯಬಾರದಿತ್ತು. ಹತ್ತನೇ ತರಗತಿಯಲ್ಲಿ ನಿನ್ನನ್ನು ತಿರುಗಿಸಿದ್ದು ನನ್ನ ತಪ್ಪು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಆ ಐದು ವರ್ಷ ನನ್ನದು ಮಾಷ್ಟ್ರೇ. ಅದನ್ನು ತಪ್ಪು ಅಂತ ನೀವು ಹೇಳ್ಬೇಡಿ. ನನಗೆ ಬೇಜಾರಾದ್ದು ಅದಲ್ಲ. ಮಂಡಿ ಆಪರೇಶನ್ ಆಗಿ ಮನೆಯಲ್ಲಿ ಮಲಗಿದ್ದಾಗ ನೀವು ಒಮ್ಮೆ ಬರ್ಬಹುದಿತ್ತು."

ನಾನು ತಪ್ಪನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ನನ್ನ ಮನಸ್ಸಿನಲ್ಲಿ ಅವನು ನಾನು ಹಾಳು ಮಾಡಿದ ಒಂದು ಬದುಕಾಗಿದ್ದ. ಅದೂ ಒಂದು ಬಗೆಯ ಅಹಂಕಾರ. ಅವನು ತನ್ನ ಬದುಕನ್ನು ತಾನೇ ಬದುಕಿದ್ದ. ಅವನಿಗೆ ಬೇಕಿದ್ದದ್ದು ಅರ್ಧ ಗಂಟೆಯ ಒಂದು ಭೇಟಿ. ಜಾಮೀನು ಕೊಡುವುದು ಯಾರ ಕೈಯಲ್ಲೂ ಇಲ್ಲ. ಹೋಗಿ ನೋಡುವುದು ಇತ್ತು. ಶಿಷ್ಯಋಣದ ಮೊದಲ ಕಂತು ಅದೇ ಇರಬೇಕು. ಫಲ ಕೊಡುತ್ತೇನೆಂದು ಹೇಳಬಾರದು, ಆದರೆ ಫಲ ಏನಾಯಿತೆಂದು ಕೇಳದೆಯೂ ಇರಬಾರದು.

ಅದರಿಂದ ಹಣದ ಲೆಕ್ಕ ಮುಗಿಯಿತು ಎಂದಲ್ಲ. ಆ ವಾರವೇ ಗುರುಗಳ ಜೊತೆ, ಮಕ್ಕಳ ಹಿರಿಯರ ಜೊತೆ ಕುಳಿತು ಕೆಲವು ವಿಷಯ ಬರೆದಿಟ್ಟೆವು. ಹತ್ತನೇ ತರಗತಿಯ ಮಕ್ಕಳಿಗೆ ಜನವರಿಯ ನಂತರ ಆಟ ಇಲ್ಲ. ಆಟಕ್ಕೆ ಬಂದ ಹಣ, ಆದ ಖರ್ಚು ಒಂದು ಪುಸ್ತಕದಲ್ಲಿ, ಯಾರು ಬೇಕಾದರೂ ನೋಡಬಹುದು. ಉಳಿದದ್ದು ವೇಷ ಮಾಡಿದ ಮಕ್ಕಳ ಹೆಸರಿಗೆ. ಲೆಕ್ಕ ನೋಡಲು ಇಬ್ಬರು ತಾಯಂದಿರು. ಮೇಳಕ್ಕೆ ಹೋಗಬೇಕು ಎನ್ನುವ ಹುಡುಗನಿಗೆ, ಮೇಳದಲ್ಲಿ ಇದ್ದು ಬಂದವರೊಬ್ಬರು ಮೊದಲು ಎಲ್ಲವನ್ನೂ ಹೇಳಬೇಕು. ಈ ಕೊನೆಯ ಕೆಲಸವನ್ನು ರಿಕ್ಷಾದವನೇ ಒಪ್ಪಿಕೊಂಡ. ನಮ್ಮಲ್ಲಿ ಕಲಿತು ದೂರವಾದ ಹಳೆಯ ಮಕ್ಕಳ ಪಟ್ಟಿ ಮಾಡಿದ್ದೇನೆ. ಮೂವತ್ತೊಂದು ಹೆಸರು ಬಂತು. ಇಲ್ಲಿಯವರೆಗೆ ಒಂಬತ್ತು ಮನೆಗಳಿಗೆ ಹೋಗಿ ಬಂದೆ. ಎರಡು ಕಡೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು.

ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು: "ಕಳಿಸು. ಅವನ ಮುಂದಿನದ್ದು ನಾನು ನೋಡಿಕೊಳ್ತೇನೆ ಅಂತ ಹೇಳುವುದಿಲ್ಲ. ಏನಾದರೂ ಆದರೆ ನನಗೆ ಹೇಳು, ಬರ್ತೇನೆ."

ಮಗ ಈಗ ಬರುತ್ತಿದ್ದಾನೆ. ತಾಳ ಸ್ವಲ್ಪ ತಪ್ಪುತ್ತದೆ, ತಂದೆಯಷ್ಟು ಚುರುಕಿಲ್ಲ. ಮುಂದೆ ಏನು ಮಾಡುತ್ತಾನೋ ಗೊತ್ತಿಲ್ಲ. ಭಾನುವಾರ ಕ್ಲಾಸು ಮುಗಿಯುವ ಹೊತ್ತಿಗೆ ರಿಕ್ಷಾ ಹೊರಗೆ ನಿಂತಿರುತ್ತದೆ. ನನ್ನನ್ನೂ ಮನೆಯವರೆಗೆ ಬಿಡುತ್ತಾನೆ. ಬಾಡಿಗೆ ಮಾತ್ರ ನಾನು ಕೊಟ್ಟೇ ಇಳಿಯುತ್ತೇನೆ. ಅವನೂ ಈಗ ಬೇಡ ಎನ್ನುವುದಿಲ್ಲ.